ನಿಂತ ಗಾಡಿಗೆ ಬಿಟ್ಟುಕೊಟ್ಟ ಬೀದಿ

ಬೆಳಗಿನ ಆರು ಗಂಟೆಗೆ ಕುಕ್ಕರಹಳ್ಳಿ ಕೆರೆಯ ಗೇಟಿನ ಹೊರಗೆ ನಿಂತರೆ ಮೈಸೂರಿನ ಒಂದು ವಿಚಿತ್ರ ಕಾಣಸಿಗುತ್ತದೆ. ಕಾರುಗಳು ಸಾಲಾಗಿ ಬಂದು ನಿಲ್ಲುತ್ತವೆ, ಸ್ಕೂಟರುಗಳು ಅವುಗಳ ಸಂದಿಯಲ್ಲಿ ತೂರಿಕೊಳ್ಳುತ್ತವೆ. ಇಳಿದವರು ಶೂ ಬಿಗಿದುಕೊಂಡು ಕೆರೆಯನ್ನೊಂದು ಸುತ್ತು ಹಾಕಿ, ಬೆವರೊರೆಸಿಕೊಂಡು, ಮತ್ತೆ ಕಾರು ಹತ್ತಿ ಮನೆಗೆ ಹೋಗುತ್ತಾರೆ. ನಾನೂ ಅವರಲ್ಲೊಬ್ಬ. ನಮ್ಮ ಮನೆಯಿಂದ ಕೆರೆಗೆ ಒಂದೂವರೆ ಕಿಲೋಮೀಟರು. ‘ನಡೆಯೋದಕ್ಕೆ ಅಂತಲೇ ಹೊರಟವರು ಅಲ್ಲಿವರೆಗೆ ಯಾಕೆ ನಡೆಯಲ್ಲ?’ ಎಂದು ಹೆಂಡತಿ ಕೇಳಿದಾಗ ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಸೋಮಾರಿತನ ಎಂದುಬಿಡಬಹುದಿತ್ತು. ಆದರೆ ಸೋಮಾರಿಯಾದವನು ಐದೂವರೆಗೆ ಏಳುವುದಿಲ್ಲ.

ಉತ್ತರ ಹುಡುಕೋಣವೆಂದು ಮರುದಿನ ಕಾರಿನ ಕೀಲಿ ಗೂಡಿನಲ್ಲೇ ಬಿಟ್ಟು ಹೊರಟೆ. ಹಾಲಿನ ಬೂತಿನವರೆಗಿನ ಮೊದಲ ನಾನೂರು ಹೆಜ್ಜೆಗಳನ್ನು ಗಮನವಿಟ್ಟು ಎಣಿಸಿದೆ. ನಮ್ಮ ಬೀದಿಗೆ ಫುಟ್‌ಪಾತ್ ಇದೆ, ಇಲ್ಲವೆಂದು ಯಾರೂ ದೂರುವಂತಿಲ್ಲ. ಆ ನಾನೂರು ಹೆಜ್ಜೆಯಲ್ಲಿ ಹನ್ನೊಂದು ಸಲ ನಾನು ಅದರಿಂದ ರಸ್ತೆಗಿಳಿದು ಮತ್ತೆ ಹತ್ತಿದೆ. ಒಂದು ಕಡೆ ಟ್ರಾನ್ಸ್‌ಫಾರ್ಮರು. ಒಂದು ಕಡೆ ಮೋರಿಯ ಮೇಲಿನ ಚಪ್ಪಡಿ ಒಳಕ್ಕೆ ಕುಸಿದಿತ್ತು. ಯಾರೋ ಪುಣ್ಯಾತ್ಮರು ಗುರುತಿಗೆಂದು ಅದರ ಬಾಯಿಗೊಂದು ತೆಂಗಿನ ಗರಿ ಸಿಕ್ಕಿಸಿದ್ದರು. ಮೂರು ಮನೆಯವರು ಫುಟ್‌ಪಾತಿಗೇ ಕಂಬಿಬೇಲಿ ಹಾಕಿ ದಾಸವಾಳ, ನಂದಿಬಟ್ಟಲು ಬೆಳೆಸಿದ್ದರು. ಉಳಿದ ಆರೂ ರ‍್ಯಾಂಪುಗಳು. ಗೇಟಿನಿಂದ ರಸ್ತೆಯವರೆಗೆ ಚಾಚಿದ ಸಿಮೆಂಟಿನ ನಾಲಿಗೆಗಳು, ಒಂದೊಂದೂ ಒಂದೊಂದು ಎತ್ತರ, ಕೆಲವುಗಳ ಮೇಲೆ ಮೂತಿ ಗೇಟಿಗೆ ಬಾಲ ರಸ್ತೆಗೆ ಮಾಡಿ ನಿಂತ ಕಾರು. ಸರಿ, ಕೆಳಗಿಳಿದರಾದರೂ ದಾರಿ ಸಿಕ್ಕೀತೇ ಎಂದರೆ ಅಲ್ಲಿ ಇನ್ನೊಂದು ಸಾಲು ಗಾಡಿಗಳು ನಿಂತಿವೆ. ಅವನ್ನೂ ಬಳಸಿಕೊಂಡು ಹೋಗಬೇಕಾದರೆ ರಸ್ತೆಯ ನಡುವಿಗೇ ಬರಬೇಕು. ಬಂದರೆ ಬೆನ್ನ ಹಿಂದೆ ಹಾರ್ನು. ನಮ್ಮ ಎದುರುಮನೆಯ ಅಜ್ಜಿಗೆ ಎಂಬತ್ತರ ಹತ್ತಿರ. ಮೂಲೆಯ ಗಣೇಶನ ಗುಡಿಗೆ ಹೋಗುವುದನ್ನು ಬಿಟ್ಟು ಎರಡು ವರ್ಷವಾಯಿತು. ಈಗ ಸಂಜೆ ಹೊತ್ತು ತಾರಸಿಯ ಮೇಲೆ ಎಂಟರ ಆಕಾರದಲ್ಲಿ ಸುತ್ತುತ್ತಾರೆ.

ನಡಿಗೆಯ ಕಷ್ಟವನ್ನು ನಾವು ಫುಟ್‌ಪಾತಿನ ಕಷ್ಟವೆಂದೇ ತಿಳಿದುಕೊಂಡಿದ್ದೇವೆ. ಹಾಗೆ ತಿಳಿದಿರುವುದರಿಂದಲೇ ಪ್ರತಿ ಬಾರಿ ಅನುದಾನ ಬಂದಾಗ ಹಳೆಯ ಕಲ್ಲು ಕಿತ್ತು ಹೊಸ ಟೈಲ್ಸ್ ಹಾಕುತ್ತಾರೆ. ಟೈಲ್ಸ್ ಹಾಕಿದ ಮೂರನೇ ದಿನಕ್ಕೆ ಅದರ ಮೇಲೆ ಬೈಕು ನಿಂತಿರುತ್ತದೆ. ನನ್ನ ಮಟ್ಟಿಗೆ ಇದು ಫುಟ್‌ಪಾತಿನ ಪ್ರಶ್ನೆಯೇ ಅಲ್ಲ, ಪಾರ್ಕಿಂಗಿನ ಪ್ರಶ್ನೆ. ಇನ್ನೂ ಬಿಚ್ಚಿ ಹೇಳಬೇಕೆಂದರೆ ನೆಲದ ಪ್ರಶ್ನೆ. ಊರೊಟ್ಟಿನ ನೆಲವನ್ನು ಯಾರಿಗೆ, ಎಷ್ಟು ಹೊತ್ತಿಗೆ, ಯಾವ ಬೆಲೆಗೆ ಕೊಡುತ್ತಿದ್ದೇವೆ ಎಂಬ ಲೆಕ್ಕ ಹಾಕದೆ ಯಾವ ಊರನ್ನೂ ನಡೆಯುವಂತೆ ಮಾಡಲಾಗದು.

ಲೆಕ್ಕ ಹಾಕೋಣ. ಕಟ್ಟಡದ ನಿಯಮಗಳಲ್ಲಿ ಒಂದು ಕಾರಿಗೆಂದು ಗುರುತಿಸುವ ಜಾಗ ಎರಡೂವರೆ ಮೀಟರ್ ಅಗಲ, ಐದೂವರೆ ಮೀಟರ್ ಉದ್ದ. ಅಂದರೆ ಹೆಚ್ಚುಕಡಿಮೆ 148 ಚದರಡಿ. ಅದು ಬರಿಯ ನಿಲ್ಲುವ ಜಾಗ. ಬಂದು ಹೋಗುವ, ತಿರುಗಿಸುವ ಜಾಗವನ್ನೂ ಸೇರಿಸಿದರೆ ಬಯಲು ನಿಲುಗಡೆಯಲ್ಲಿ ಕಾರೊಂದಕ್ಕೆ 23 ಚದರ ಮೀಟರ್, ನೆಲಮಾಳಿಗೆಯಲ್ಲಿ 32 ಚದರ ಮೀಟರ್ ಎಂದು ನಮ್ಮ ನಗರ ಯೋಜಕರೇ ಹಿಡಿಯುತ್ತಾರೆ. ಬಯಲಿನಲ್ಲಿ ಎರಡು ಕಾರು ನಿಲ್ಲಿಸಲು ಐನೂರು ಚದರಡಿ ಬೇಕಾಯಿತು. ಮೈಸೂರಿನಲ್ಲಿ ಇಪ್ಪತ್ತು ಮೂವತ್ತರ ಸೈಟೆಂದರೆ ಆರುನೂರು ಚದರಡಿ. ಅಂಥ ಸೈಟಿಗಾಗಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಸಂಸಾರಗಳು, ಇಪ್ಪತ್ತು ವರ್ಷದ ಸಾಲ ಹೊತ್ತ ಸಂಸಾರಗಳು ನಮ್ಮ ನಿಮ್ಮ ನಡುವೆಯೇ ಇವೆ. ಮನುಷ್ಯರಿಗೆ ಇಷ್ಟು ತುಟ್ಟಿಯಾದ ನೆಲ ಗಾಡಿಗೆ ಮಾತ್ರ ಪುಕ್ಕಟೆ.

ಎಲ್ಲರಿಗೂ ಪುಕ್ಕಟೆಯಾಗಿದ್ದರೆ ಅದೂ ಒಂದು ನ್ಯಾಯವೆನ್ನಬಹುದಿತ್ತು. ಮಾರುಕಟ್ಟೆಯ ಆಸುಪಾಸಿನಲ್ಲಿ ಗೋಣಿಚೀಲ ಹಾಸಿ ಸೊಪ್ಪು ಮಾರುವ ಹೆಂಗಸು ಹತ್ತು ಹನ್ನೆರಡು ಚದರಡಿಯಲ್ಲಿ ಕೂತಿರುತ್ತಾಳೆ. ಬೆಳಗಾದರೆ ಸುಂಕದವನು ಚೀಟಿ ಹಿಡಿದು ಎದುರಿಗೆ ನಿಲ್ಲುತ್ತಾನೆ. ಅವಳ ಪಕ್ಕದಲ್ಲೇ ಅವಳಿಗಿಂತ ಹನ್ನೆರಡು ಪಾಲು ನೆಲವನ್ನು ಬೆಳಗಿನಿಂದ ಸಂಜೆಯವರೆಗೆ ಆಕ್ರಮಿಸಿ ನಿಂತ ಕಾರಿನ ಕಡೆಗೆ ಅವನು ತಿರುಗಿಯೂ ನೋಡುವುದಿಲ್ಲ. ತೆರವು ಕಾರ್ಯಾಚರಣೆ ಎಂದು ಪತ್ರಿಕೆಯಲ್ಲಿ ಸುದ್ದಿ ಬಂದರೆ ಅದು ಸೊಪ್ಪಿನ ಗೋಣಿಯದು, ಕಾರಿನದಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಆ ಹೆಂಗಸಿಗೆ ಕಾಗದದ ಮೇಲಾದರೂ ಒಂದು ಹಕ್ಕು ಕೊಟ್ಟಿದೆ. ಬೀದಿಬದಿಯ ಬಿಟ್ಟಿ ಪಾರ್ಕಿಂಗನ್ನು ಹಕ್ಕೆಂದು ಹೇಳುವ ಕಾಯ್ದೆಯನ್ನು ನಾನು ಓದಿಲ್ಲ. ಅದು ಬರಿಯ ರೂಢಿ. ರೂಢಿ ಬಲವಾಗಿದೆ, ಅಷ್ಟೆ.

‘ಹಾಗಾದರೆ ಪಾರ್ಕಿಂಗಿಗೆ ಜಾಗ ಮಾಡಿಕೊಡಿ, ರಸ್ತೆ ತಾನಾಗಿಯೇ ಖಾಲಿಯಾಗುತ್ತದೆ’ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ವರ್ತಕರೂ ಇದನ್ನೇ ಹೇಳುತ್ತಾರೆ, ಅಧಿಕಾರಿಗಳೂ ಇದನ್ನೇ ಹೇಳುತ್ತಾರೆ, ಕಾಫಿಗೆ ಸೇರುವ ನಮ್ಮ ನಿವೃತ್ತರ ಗುಂಪೂ ಇದನ್ನೇ ಹೇಳುತ್ತದೆ. ಮೈಸೂರಿನ ಪುರಭವನದ ಆವರಣದ ಅಡಿಯಲ್ಲಿ ಪಾರ್ಕಿಂಗ್ ಕಟ್ಟುವ ಕೆಲಸ ವರ್ಷಗಳುದ್ದಕ್ಕೂ ಎಳೆದದ್ದನ್ನು ಊರಿನವರೆಲ್ಲ ಕಂಡಿದ್ದಾರೆ. ಕಟ್ಟುವುದು ನಿಧಾನ ಎಂಬುದು ಚಿಕ್ಕ ತೊಂದರೆ. ದೊಡ್ಡ ತೊಂದರೆಯೇ ಬೇರೆ: ಮೇಲೆ ಅಂಗಡಿಯ ಬಾಗಿಲಲ್ಲಿ ಬಿಟ್ಟಿಯಾಗಿ ನಿಲ್ಲಿಸಬಹುದಾದಾಗ ಕಾಸು ಕೊಟ್ಟು ನೆಲದಡಿಗೆ ಇಳಿಯುವವರು ಯಾರು? ಬಿಟ್ಟಿ ಅನ್ನದ ಪಂಕ್ತಿಯ ಪಕ್ಕದಲ್ಲಿ ಹೋಟೆಲು ತೆರೆದ ಹಾಗಾಗುತ್ತದೆ. ಇನ್ನು ಖಾಸಗಿ ಕಟ್ಟಡಗಳ ಕಥೆ. ನಕ್ಷೆಯಲ್ಲಿ ನೆಲಮಾಳಿಗೆಯೆಲ್ಲ ಪಾರ್ಕಿಂಗು; ಇಳಿದು ನೋಡಿದರೆ ಗೋದಾಮು, ಹೋಟೆಲಿನ ಅಡುಗೆಮನೆ, ಟ್ಯೂಷನ್ ಕ್ಲಾಸು. ಆ ನೆಲಮಾಳಿಗೆಗಳನ್ನು ನಕ್ಷೆಯಲ್ಲಿ ಬರೆದಂತೆ ತೆರೆಸಿದರೆ ಎಷ್ಟು ಕಾರು ಹಿಡಿಸುತ್ತವೆಂದು ಮೊದಲು ಎಣಿಸಲಿ. ಹೊಸ ಕಟ್ಟಡದ ಮಾತು ಆಮೇಲೆ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಮೈಸೂರಿಗೆ ಪ್ಲೇಗು ಬಡಿಯಿತು. ಕೋಟೆಯ ಸುತ್ತಿನ ಇಕ್ಕಟ್ಟಿನ ಕೇರಿಗಳಿಂದ ಜನರನ್ನು ಹೊರಗೆ ತಂದು ಗಾಳಿ ಬೆಳಕಿನ ಬಡಾವಣೆಗಳಲ್ಲಿ ನೆಲೆಗೊಳಿಸಬೇಕೆಂದು 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹುಟ್ಟಿತು. ಇವತ್ತಿಗೂ ಹಳಬರ ಬಾಯಲ್ಲಿ ಅದು ‘ಸಿಐಟಿಬಿ’ಯೇ. ಕೃಷ್ಣಮೂರ್ತಿಪುರಂ, ಲಕ್ಷ್ಮೀಪುರಂ, ಒಂಟಿಕೊಪ್ಪಲು ಮುಂತಾದ ಹಳೆಯ ಬಡಾವಣೆಗಳಲ್ಲಿ ಒಮ್ಮೆ ಅಡ್ಡಾಡಿ ನೋಡಿ. ಚೌಕ ಚೌಕವಾದ ಬೀದಿಗಳು, ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ, ಎರಡು ಮೂರು ತಿರುವಿನೊಳಗೆ ಒಂದು ಶಾಲೆ, ಒಂದು ದೇವಸ್ಥಾನ, ಒಂದು ದಿನಸಿ ಅಂಗಡಿ, ಹಿಟ್ಟಿನ ಗಿರಣಿ, ಒಂದು ಪಾರ್ಕು. ಯಾರೂ ಆಗ ‘ವಾಕಬಲ್’ ಎಂಬ ಮಾತನ್ನು ಆಡಿರಲಿಲ್ಲ. ಜನ ನಡೆದೇ ಹೋಗುವವರಾದ್ದರಿಂದ ಊರು ನಡಿಗೆಯ ಅಳತೆಯಲ್ಲೇ ಬೆಳೆಯಿತು. ಕೆ.ಆರ್. ವೃತ್ತದಿಂದ ಈ ಹಳೆಯ ಬಡಾವಣೆಗಳಿಗೆ ಇವತ್ತಿಗೂ ಮೂರು ನಾಲ್ಕು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಆರ್.ಕೆ. ನಾರಾಯಣ್ ಈ ಬೀದಿಗಳಲ್ಲಿ ದಿನವೂ ನಡೆದಾಡಿ ಕಂಡ ಜನರನ್ನೇ ಬರಹಕ್ಕೆ ತಂದರು. ಇವತ್ತಿನ ಮೈಸೂರಿನಲ್ಲಿ ಅವರ ಕಣ್ಣೆಲ್ಲ ಕಾಲ ಬುಡದಲ್ಲೇ ಇರಬೇಕಾಗುತ್ತಿತ್ತು.

ಮನೆಗಳ ರೂಪವನ್ನೇ ಗಾಡಿ ಹೇಗೆ ಬದಲಿಸಿತು ನೋಡಿ. ಅಗ್ರಹಾರದ ಹಳೆಯ ಮನೆಗಳಿಗೆ ಬೀದಿಗೆ ತೆರೆದ ಜಗುಲಿ ಇತ್ತು. ಅಕ್ಕಿ ಆರಿಸುತ್ತಾ ಕೂತವರು, ಪೇಪರು ಓದುತ್ತಾ ಕೂತವರು ಬೀದಿಯ ಮೇಲೆ ಒಂದು ಕಣ್ಣಿಟ್ಟೇ ಇರುತ್ತಿದ್ದರು. ಅಪರಿಚಿತನೊಬ್ಬ ಬಂದರೆ ‘ಯಾರ ಮನೆ ಬೇಕಾಗಿತ್ತು?’ ಎಂಬ ಪ್ರಶ್ನೆ ಹೋಗುತ್ತಿತ್ತು. ಈಗ ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟುವ ಮನೆಗೆ ಕೆಳಗಿನ ಮಹಡಿಯೇ ಇಲ್ಲ. ಕಂಬಗಳ ಮೇಲೆ ಮನೆ, ಕಂಬಗಳ ನಡುವೆ ಕಾರು, ಎದುರಿಗೆ ಆಳೆತ್ತರದ ಕಬ್ಬಿಣದ ಗೇಟು. ಇಡೀ ಬೀದಿ ಹೀಗೇ ಆದರೆ ಎರಡೂ ಬದಿಗೆ ಗೇಟುಗಳ ಗೋಡೆ. ರಾತ್ರಿ ಎಂಟಕ್ಕೆ ಟ್ಯೂಷನ್ ಮುಗಿಸಿ ಬರುವ ಹುಡುಗಿಗೆ ಈ ಬೀದಿಯಲ್ಲಿ ಕೂಗಿದರೆ ಕೇಳಿಸುವ ಒಂದು ಬಾಗಿಲೂ ಇಲ್ಲ. ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ: ಕೆಳಗೆ ಅಷ್ಟೆಲ್ಲ ಜಾಗ ಬಿಟ್ಟರೂ ಕಾರು ಮಾತ್ರ ಹೊರಗೇ. ‘ದಿನಾ ಯಾರು ಒಳಗೆ ಹಾಕಿ ತೆಗೀತಾರೆ ಸಾರ್’ ಎನ್ನುತ್ತಾರೆ. ಒಳಗೆ ಬಾಡಿಗೆಯವರ ಸ್ಕೂಟರು, ಹಳೆಯ ಸೋಫಾ, ವಾಟರ್ ಫಿಲ್ಟರಿನ ಡಬ್ಬ.

ಶಾಲೆಯ ಮುಂದಿನ ದೃಶ್ಯವನ್ನು ಬಣ್ಣಿಸಬೇಕಾಗಿಲ್ಲ, ಎಲ್ಲರೂ ದಿನವೂ ಅದರಲ್ಲಿ ಸಿಕ್ಕಿಕೊಳ್ಳುತ್ತಾರೆ. ರಸ್ತೆಯಲ್ಲಿ ಕಾರುಗಳು ಹೆಚ್ಚಾಗಿವೆ, ಮಗುವನ್ನು ನಡೆಸಿ ಕಳಿಸಲು ಭಯ ಎಂದು ತಂದೆತಾಯಿ ಕಾರಿನಲ್ಲಿ ಕರೆತರುತ್ತಾರೆ. ಹಾಗೆ ಬಂದ ಕಾರೇ ಪಕ್ಕದ ಮನೆಯವರ ಭಯಕ್ಕೆ ಕಾರಣ. ಭಯ ಸುಳ್ಳೂ ಅಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು ಸುಮಾರು 1.68 ಲಕ್ಷ ಜನ. ಅವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಬರಿಗಾಲಿನಲ್ಲೋ ಚಪ್ಪಲಿಯಲ್ಲೋ ನಡೆದು ಹೋಗುತ್ತಿದ್ದವರು.

ನಡೆಯುವವರು ಯಾರು ಎಂಬುದನ್ನೂ ಸ್ವಲ್ಪ ನೋಡಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಿಟಿ ಬಸ್ಸುಗಳಲ್ಲಿ ಹೆಂಗಸರು ತುಂಬಿದ್ದಾರೆ. ಮನೆಗೆಲಸಕ್ಕೆ, ಗಾರ್ಮೆಂಟ್ಸಿಗೆ, ಆಸ್ಪತ್ರೆಗೆ, ಕಾಲೇಜಿಗೆ. ಟಿಕೆಟಿನ ಹಣವನ್ನು ಸರ್ಕಾರ ಕಟ್ಟುತ್ತದೆ, ಒಳ್ಳೆಯದು. ಆದರೆ ಬಸ್ಸು ಯಾರ ಮನೆ ಬಾಗಿಲಿಗೂ ಬರುವುದಿಲ್ಲ. ಹತ್ತುವ ಮುಂಚೆ ಒಂದಷ್ಟು, ಇಳಿದ ಮೇಲೆ ಒಂದಷ್ಟು ನಡೆಯಲೇಬೇಕು. ಆ ನಡಿಗೆಯ ದಾರಿಗೆ ಯಾವ ಇಲಾಖೆಯೂ ಹೊಣೆಯಲ್ಲ. ರಸ್ತೆ ಪಾಲಿಕೆಯದು, ಗಾಡಿ ಎತ್ತಿಸುವುದು ಟ್ರಾಫಿಕ್ ಪೊಲೀಸರದು, ಕಂಬ ವಿದ್ಯುತ್ ಕಂಪನಿಯದು, ಬಸ್ಸು ಸಾರಿಗೆ ಸಂಸ್ಥೆಯದು. 2017ರಲ್ಲಿ 450 ಸೈಕಲ್ಲುಗಳೊಂದಿಗೆ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಸೇವೆ ಶುರುವಾದಾಗ ಮೈಸೂರಿನವರು ಹೆಮ್ಮೆಪಟ್ಟರು, ನಾನೂ ಕಾರ್ಡು ಮಾಡಿಸಿದ್ದೆ. ಸೈಕಲ್ಲು ಚೆನ್ನಾಗಿತ್ತು. ಓಡಿಸಲು ರಸ್ತೆಯ ಅಂಚು ಸಿಗಲಿಲ್ಲ, ಅಂಚಿನಲ್ಲಿ ಕಾರುಗಳಿದ್ದವು.

ಈಗ ವರ್ತಕರ ಮಾತಿಗೆ ಬರೋಣ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದೇವರಾಜ ಅರಸು ರಸ್ತೆಯಲ್ಲಿ ಕಾಸು ಕೊಟ್ಟು ಗಾಡಿ ನಿಲ್ಲಿಸುವ ಪ್ರಸ್ತಾಪ ಬಂದಾಗಲೆಲ್ಲ ವಿರೋಧ ಎದ್ದಿದೆ. ಗಿರಾಕಿ ಬೇರೆ ಕಡೆ ಹೋಗುತ್ತಾನೆ, ಮಾಲಿಗೆ ಹೋಗುತ್ತಾನೆ, ಮೊಬೈಲಿನಲ್ಲೇ ತರಿಸಿಕೊಳ್ಳುತ್ತಾನೆ ಎಂಬುದು ಅವರ ಅಂಜಿಕೆ. ಅಂಗಡಿ ಬಾಡಿಗೆ ಕಟ್ಟುವವನ ಅಂಜಿಕೆ ಕೂತು ಬರೆಯುವವನಿಗೆ ಬೇಗ ಅರ್ಥವಾಗುವುದಿಲ್ಲ ಎಂದು ಒಪ್ಪಿಕೊಂಡೇ ಎರಡು ಮಾತು ಹೇಳುತ್ತೇನೆ. ಅಲ್ಲಿಂದ ಕೂಗಳತೆಯಲ್ಲಿರುವ ದೇವರಾಜ ಮಾರುಕಟ್ಟೆಯ ಒಳಗೆ ಕಾರು ಹೋಗುವುದಿಲ್ಲ. ಮಲ್ಲಿಗೆ, ನಂಜನಗೂಡು ರಸಬಾಳೆ, ವೀಳ್ಯದೆಲೆ, ಕುಂಕುಮದ ರಾಶಿಗಳ ನಡುವೆ ಹೆಗಲಿಗೆ ಹೆಗಲು ತಾಗಿಸಿಕೊಂಡು ನಡೆಯಬೇಕು. ಹಬ್ಬದ ಹಿಂದಿನ ದಿನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಾರು ಬಾರದೆ ವ್ಯಾಪಾರ ಕೆಡುವುದಾದರೆ ನೂರು ವರ್ಷದ ಹಿಂದೆಯೇ ಆ ಮಾರುಕಟ್ಟೆ ಮುಚ್ಚಬೇಕಿತ್ತು. ಎರಡನೆಯದು, ಬೆಳಗ್ಗೆ ಒಂಬತ್ತಕ್ಕೇ ಅಂಗಡಿಯ ಮುಂದೆ ಬಂದು ರಾತ್ರಿಯವರೆಗೆ ಕದಲದ ಗಾಡಿ ಯಾರದು? ಎಷ್ಟೋ ಸಲ ಅದು ಮಾಲೀಕರದು, ಇಲ್ಲವೇ ಅಂಗಡಿ ಹುಡುಗರದು. ಗಿರಾಕಿಯ ಜಾಗದಲ್ಲಿ ತಾವೇ ನಿಂತು ಗಿರಾಕಿಗೆ ಜಾಗವಿಲ್ಲ ಎನ್ನುತ್ತಿದ್ದಾರೆ.

ಪಾರ್ಕಿಂಗ್ ಎಂಬ ಒಂದೇ ವಿಷಯವನ್ನು ಜೀವಮಾನವಿಡೀ ಹಿಡಿದು ಕೂತ ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಬಿಟ್ಟಿ ಪಾರ್ಕಿಂಗಿನ ದುಬಾರಿ ಬೆಲೆಯ ಮೇಲೆ 2005ರಲ್ಲಿ ಅವರು ಬರೆದ ದಪ್ಪ ಪುಸ್ತಕದ ತಿರುಳು ಸರಳವಾಗಿದೆ. ಬೀದಿಯ ಪ್ರತಿ ತುಂಡಿನಲ್ಲಿ ಯಾವಾಗಲೂ ಒಂದೆರಡು ಜಾಗ ಖಾಲಿ ಉಳಿಯುವಷ್ಟು ಶುಲ್ಕ ಇಡಿ. ಬಂದ ಹಣವನ್ನು ಆ ಬೀದಿಗೇ ಖರ್ಚು ಮಾಡಿ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಎಂಬ ನಡುಗಾತ್ರದ ಊರಿನ ಹಳೆಯ ಪೇಟೆ ಹಾಳು ಸುರಿಯುತ್ತಿತ್ತು. ಅಲ್ಲಿ 1993ರಲ್ಲಿ ಮೀಟರು ಹಾಕಿದರು. ಮೊದಲು ವಿರೋಧಿಸಿದ್ದ ಅಂಗಡಿಯವರು ಹಣ ತಮ್ಮ ಬೀದಿಯ ಫುಟ್‌ಪಾತಿಗೆ, ದೀಪಕ್ಕೆ, ಗಿಡಕ್ಕೆ ಬರುತ್ತದೆಂದು ಖಾತ್ರಿಯಾದ ಮೇಲೆ ಒಪ್ಪಿದರು. ಪೇಟೆ ಚೇತರಿಸಿಕೊಂಡಿತು. ಅಷ್ಟು ದೂರ ಯಾಕೆ, ಚೆನ್ನೈಯ ಪಾಂಡಿ ಬಜಾರಿನಲ್ಲಿ 2019ರಲ್ಲಿ ಅಗಲವಾದ ಪಾದಚಾರಿ ಹಾದಿ ಮಾಡಿದರು. ನಮ್ಮೂರಲ್ಲೇ ಅರಸು ರಸ್ತೆಯನ್ನು ದಸರೆಯ ಸಂದರ್ಭದಲ್ಲಿ ಗಾಡಿಗಳಿಗೆ ಮುಚ್ಚಿ ಬೀದಿ ಉತ್ಸವ ನಡೆಸಿದ್ದುಂಟು. ಆ ದಿನಗಳಲ್ಲಿ ಇಡೀ ಮೈಸೂರು ದೀಪಾಲಂಕಾರ ನೋಡುತ್ತಾ ಕೈಕೈ ಹಿಡಿದು ಮೈಲಿಗಟ್ಟಲೆ ನಡೆಯುತ್ತದೆ. ಅದೇ ಜನ, ಅದೇ ಕಾಲು.

ನನ್ನ ವಾದಕ್ಕೆ ನಿಜವಾದ ತೊಡಕು ವರ್ತಕರಿಂದ ಬರುವುದಿಲ್ಲ, ಸ್ಕೂಟರಿನವನಿಂದ ಬರುತ್ತದೆ. ರಿಂಗ್ ರಸ್ತೆಯಾಚೆಯ ಬಡಾವಣೆಯಲ್ಲಿ ಮನೆ ಮಾಡಿ, ಬಸ್ಸು ಸರಿಯಾಗಿ ಸಿಗದೆ, ಹೆಂಡತಿ ಮಗುವನ್ನು ಕೂರಿಸಿಕೊಂಡು ಊರೊಳಗೆ ಬರುವವನಿಗೆ ಅದು ಶೋಕಿಯಲ್ಲ, ಜೀವನಾಧಾರ. ಅವನ ಮೇಲೂ ಕಾರಿನಷ್ಟೇ ಶುಲ್ಕ ಹಾಕಿದರೆ ಅನ್ಯಾಯ. ಒಂದು ಕಾರಿನ ಜಾಗದಲ್ಲಿ ಐದಾರು ಸ್ಕೂಟರು ನಿಲ್ಲುತ್ತವೆ, ಆದ್ದರಿಂದ ನೆಲದ ಅಳತೆಗೆ ತಕ್ಕಂತೆ ಶುಲ್ಕವಿರಲಿ. ಅಂಗವಿಕಲರ ಗಾಡಿಗೆ, ಆಟೋ ನಿಲ್ದಾಣಕ್ಕೆ, ಸಾಮಾನು ಇಳಿಸುವ ಗಾಡಿಗೆ ಜಾಗ ಕಾದಿಡಲಿ. ತಳ್ಳುಗಾಡಿಯವರನ್ನು ಫುಟ್‌ಪಾತಿನಿಂದ ಎಬ್ಬಿಸಬೇಕೆನ್ನುವವರು ಒಂದನ್ನು ಗಮನಿಸಲಿ: ರಸ್ತೆಯಂಚನ್ನು ಕಾರು ಹಿಡಿದುಕೊಂಡದ್ದರಿಂದಲೇ ಆತ ಫುಟ್‌ಪಾತಿಗೆ ಹತ್ತಿದ್ದು. ಎರಡು ಕಾರಿನ ಜಾಗ ತೆರವಾದರೆ ನಾಲ್ಕು ತಳ್ಳುಗಾಡಿ ಕೆಳಗಿಳಿಯುತ್ತವೆ, ನಡೆಯುವವರಿಗೆ ದಾರಿಯೂ ಸಿಗುತ್ತದೆ, ಕತ್ತಲಾದ ಮೇಲೆ ಬೀದಿಯಲ್ಲಿ ದೀಪವೂ ಮನುಷ್ಯರೂ ಇರುತ್ತಾರೆ.

ಬಡಾವಣೆಗಳ ಒಳಗೆ ಏನು ಮಾಡಬೇಕು ಎಂಬುದು ಪೇಟೆಗಿಂತ ಕಠಿಣ ಪ್ರಶ್ನೆ. ಜಪಾನಿನಲ್ಲಿ 1962ರಿಂದ ಒಂದು ಕಾನೂನಿದೆ: ಕಾರು ನಿಲ್ಲಿಸಲು ಬೀದಿಯ ಹೊರಗೆ ಜಾಗವಿದೆ ಎಂದು ತೋರಿಸದವರು ಕಾರು ನೋಂದಾಯಿಸುವಂತಿಲ್ಲ. ಇಲ್ಲಿ ನಾಳೆಯೇ ಹಾಗೆ ಮಾಡಲು ಹೊರಟರೆ ಸುಳ್ಳು ಪ್ರಮಾಣಪತ್ರದ ಅಂಗಡಿಗಳು ತೆರೆಯುತ್ತವೆ, ಅಷ್ಟೆ. ಅದರ ಬದಲು ಬಡಾವಣೆಯ ರಸ್ತೆಯಲ್ಲಿ ರಾತ್ರಿ ನಿಲ್ಲುವ ಕಾರಿಗೆ ವರ್ಷಕ್ಕಿಷ್ಟೆಂದು ಬಾಡಿಗೆ ನಿಗದಿ ಮಾಡಿ, ರಸ್ತೆಯ ಒಂದೇ ಬದಿಗೆ ಗೆರೆ ಹಾಕಿಕೊಡಲಿ. ಸೈಟು, ಮನೆ, ಬಾವಿ ಎಲ್ಲಕ್ಕೂ ಕಂದಾಯ ಕಟ್ಟಿದ ಜನ ನಾವು, ಇದಕ್ಕೂ ಕಟ್ಟುತ್ತೇವೆ. ಅದೇ ಹಣದಿಂದ ಇನ್ನೊಂದು ಬದಿಯಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ 1.8 ಮೀಟರ್ ಅಗಲದ ತಡೆಯಿಲ್ಲದ ಫುಟ್‌ಪಾತನ್ನು, ಆರಿಂಚಿಗಿಂತ ಎತ್ತರವಾಗದ ಹಾಗೆ, ಒಂದೇ ಮಟ್ಟದಲ್ಲಿ ಬೀದಿಯುದ್ದಕ್ಕೂ ಮಾಡಬಹುದು. ರ‍್ಯಾಂಪು ಬೇಕಾದವರು ಅದನ್ನು ತಮ್ಮ ಗೇಟಿನ ಒಳಗೆ ಕಟ್ಟಿಕೊಳ್ಳಲಿ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ತಡೆಯಿಲ್ಲದ ಫುಟ್‌ಪಾತ್ ಪಾದಚಾರಿಗಳ ಬದುಕುವ ಹಕ್ಕಿನ ಭಾಗವೆಂದು ಹೇಳಿ, ರಾಜ್ಯಗಳು ಅದಕ್ಕೆ ನಿಯಮಾವಳಿ ಮಾಡಬೇಕೆಂದು ಆದೇಶಿಸಿತು. ಓದಿ ಸಂತೋಷಪಟ್ಟೆ. ಆಮೇಲೆ ನಮ್ಮ ಮನೆಯ ಗೇಟಿನ ಮುಂದೆ ಹೋಗಿ ನಿಂತೆ. ನಾನು ಎಣಿಸಿದ ಆ ಆರು ರ‍್ಯಾಂಪುಗಳಲ್ಲಿ ಮೊದಲನೆಯದು ನಮ್ಮದೇ. ಹದಿನಾಲ್ಕು ವರ್ಷದ ಹಿಂದೆ ಕಾರು ಕೊಂಡ ವಾರದಲ್ಲಿ ಕಟ್ಟಿಸಿದ್ದು. ಮೇಸ್ತ್ರಿಯನ್ನು ಕರೆಸಿ ಒಡೆಸಿದೆ. ಒಡೆಯಲು ಅರ್ಧ ದಿನ, ಚಪ್ಪಡಿ ಕೂರಿಸಲು ಅರ್ಧ ದಿನ ಹಿಡಿಯಿತು. ಹಾಲಿನ ಬೂತಿಗೆ ಹೋಗುವಷ್ಟರಲ್ಲಿ ಈಗ ಹತ್ತು ಸಲ ಇಳಿದು ಹತ್ತಬೇಕು.